ಒಂದು ಮೇಣದಬತ್ತಿ, ಸಾವಿರ ದೀಪ: ಇದು ಬುದ್ಧನ ಮಾತಾ?

ಒಂದು ಮೇಣದಬತ್ತಿಯಿಂದ ಸಾವಿರ ಬತ್ತಿ ಹಚ್ಚಬಹುದು, ಸಂತೋಷವೂ ಹಂಚಿದರೆ ಕಡಿಮೆಯಾಗದು. ಕೆಳಗೆ ಬುದ್ಧನ ಹೆಸರು. ಧ್ಯಾನದ ಗುಂಪುಗಳಲ್ಲಿ ಈ ಮೆಸೇಜ್ ಸುತ್ತುತ್ತಲೇ ಇರುತ್ತದೆ. ಮಾತು ಚೆನ್ನಾಗಿದೆ. ಆದರೆ ಪಾಲಿ ತಿಪಿಟಕದಲ್ಲಿ, ಅಂದರೆ ಬುದ್ಧನ ಉಪದೇಶಗಳಿರುವ ಪಾಲಿ ಭಾಷೆಯ ಗ್ರಂಥಗಳಲ್ಲಿ, ಅದು ಇಲ್ಲ.

ಇದಕ್ಕೆ ಹತ್ತಿರದ ಹೋಲಿಕೆ ಇರುವುದು ಚೀನೀ ಭಾಷೆಯ 'ನಲವತ್ತೆರಡು ವಿಭಾಗಗಳ ಸೂತ್ರ'ದಲ್ಲಿ. ಅಲ್ಲಿರುವುದು ಪಂಜು. ವಿಷಯವೂ ಬೇರೆ. ಇನ್ನೊಬ್ಬರು ದಾನ ಮಾಡುವುದನ್ನು ಕಂಡು ಖುಷಿಪಟ್ಟವರಿಗೂ ಪುಣ್ಯವಿದೆ. ಆ ಪುಣ್ಯ ಮುಗಿದುಹೋಗುತ್ತದಾ? ಎಷ್ಟು ಜನ ಬಂದು ಬೆಂಕಿ ಹಚ್ಚಿಕೊಂಡರೂ ಪಂಜು ಹಾಗೇ ಇರುತ್ತದೆ ಎಂಬುದು ಉತ್ತರ. ನನಗಂತೂ ಇದೇ ಜಾಸ್ತಿ ಇಷ್ಟ. ಧ್ಯಾನ ಮುಗಿದ ಮೇಲೆ ಯಾರೋ ಒಬ್ಬರು, ಯಾರೂ ಹೇಳದೆ, ಎಲ್ಲರ ದಿಂಬು ಎತ್ತಿ ಜೋಡಿಸಿಡುತ್ತಾರೆ. ನೋಡಿ ಮನಸ್ಸಿಗೆ ಹಿತವಾಗುತ್ತದಲ್ವಾ, ಅದೇ.

ಒಂದು ಮಾತು ಬುದ್ಧನದೇ ಅಂತ ಪರೀಕ್ಷಿಸುವುದು ಸುಲಭ. ಯಾವ 'ಸುತ್ತ' (ಪಾಲಿಯಲ್ಲಿ ಸೂತ್ರ, ಅಂದರೆ ಬುದ್ಧನ ಒಂದು ಉಪದೇಶ), ಎಷ್ಟನೆಯದು ಅಂತ ಕೊಟ್ಟಿದೆಯಾ ನೋಡಿ. ದಾನದ ಫಲ ಗೊತ್ತಿದ್ದರೆ ಜನ ಹಂಚದೆ ಉಣ್ಣುತ್ತಿರಲಿಲ್ಲ ಎಂಬ ಮಾತು ತಿಪಿಟಕದ ಭಾಗವಾದ ಇತಿವುತ್ತಕದ 26ನೇ ಸುತ್ತದಲ್ಲಿದೆ. ತೆರೆದು ಓದಬಹುದು. ಬರೀ ಹೆಸರು, ಹಿಂದೊಂದು ಕಮಲದ ಚಿತ್ರ ಅಷ್ಟೇ ಇದ್ದರೆ ಸ್ವಲ್ಪ ಹುಡುಕಿ. ಸುತ್ತಗಳ ಅನುವಾದಗಳು ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತವೆ.

ಕಳಿಸಿದವರು ಒಳ್ಳೆಯ ಮನಸ್ಸಿನಿಂದಲೇ ಕಳಿಸಿರುತ್ತಾರೆ. ಮಾತು ಇಷ್ಟವಾದರೆ ನೀವೂ ಕಳಿಸಿ, ಬುದ್ಧನ ಹೆಸರು ಮಾತ್ರ ತೆಗೆದುಬಿಡಿ.