ಮನೆಯಲ್ಲಿ ಸಾವಾದರೆ ವಕೀಲರಿಗೂ ಒಂದು ಫೋನ್ ಮಾಡಿ

ಅಪ್ಪ ತೀರಿಕೊಂಡಾಗ ಎಲ್ಲರಿಗೂ ಹೇಳಿಕಳಿಸಿದೆವು. ನೆಂಟರಿಗೆ, ಸೊಸೈಟಿಗೆ, ಬ್ಯಾಂಕಿಗೆ, ಹಾಲಿನ ಡೇರಿಗೆ. ತಿಥಿ ಮುಗಿಸಿ ಮರಣ ಪ್ರಮಾಣಪತ್ರ ತಂದೆವು, ವಂಶವೃಕ್ಷ ಮಾಡಿಸಿದೆವು, ಜಮೀನು ನಮ್ಮ ಹೆಸರಿಗೆ ಬರಲಿ ಅಂತ ಪೌತಿ ಖಾತೆಗೂ ಅರ್ಜಿ ಕೊಟ್ಟೆವು. ಹೊಲದ ಬದು ಒತ್ತುವರಿಯ ದಾವೆಯೊಂದು ಕೋರ್ಟಿನಲ್ಲಿದೆ, ಅದರಲ್ಲಿ ಅಪ್ಪ ಒಬ್ಬರೇ ವಾದಿ ಅನ್ನೋದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಎಂಟು ತಿಂಗಳ ಮೇಲೆ ವಕೀಲರ ಫೋನ್ ಬಂತು. "ಸೋಮವಾರ ಯಜಮಾನರನ್ನ ಕಳಿಸಮ್ಮ, ಪಾಟೀಸವಾಲಿಗೆ ಇಟ್ಟಿದಾರೆ." ಪಾಟೀಸವಾಲು ಅಂದರೆ ಎದುರುಗಡೆ ವಕೀಲರು ಸಾಕ್ಷಿಯನ್ನು ಪ್ರಶ್ನೆ ಕೇಳೋದು. ನನಗೆ ಬಾಯೇ ಬರಲಿಲ್ಲ.

ಆಮೇಲೆ ತಿಳಿದದ್ದು ಇದು. ದಾವೆ ಹಾಕಿದ ಒಬ್ಬರೇ ವಾದಿ ಸತ್ತರೆ 90 ದಿನದೊಳಗೆ ಅವರ ವಾರಸುದಾರರನ್ನು ಕೇಸಿಗೆ ಸೇರಿಸಬೇಕು. ಕೋರ್ಟಿನಲ್ಲಿ ಇದಕ್ಕೆ 'ಎಲ್‌ಆರ್ (ಲೀಗಲ್ ರೆಪ್ರೆಸೆಂಟೆಟಿವ್) ತರೋದು' ಅಂತಾರೆ. ತರದಿದ್ದರೆ ದಾವೆ ತಾನಾಗಿಯೇ ಬಿದ್ದುಹೋಗುತ್ತದೆ, ಜಡ್ಜ್ ಆದೇಶವೂ ಬೇಕಿಲ್ಲ. ಅದನ್ನು ಎಬ್ಬಿಸಲು ಮತ್ತೆ 60 ದಿನ ಇರುತ್ತದೆ. ನಾವು ಅದನ್ನೂ ದಾಟಿದ್ದೆವು. ಹಾಗಾಗಿ ಮೂರು ಅರ್ಜಿ ಹಾಕಬೇಕಾಯಿತು: ತಡವನ್ನು ಮನ್ನಿಸಿ ಅಂತ ಒಂದು, ಬಿದ್ದ ದಾವೆ ಎಬ್ಬಿಸಿ ಅಂತ ಒಂದು, ನಮ್ಮನ್ನು ಸೇರಿಸಿ ಅಂತ ಇನ್ನೊಂದು. ಮೂರಕ್ಕೂ ಎದುರುಗಡೆಯವರ ತಕರಾರು. ಬದುವಿನ ಮಾತೇ ಇಲ್ಲ, ವಾಯಿದೆ ಮೇಲೆ ವಾಯಿದೆ.

ಪೌತಿ ಖಾತೆ ಆಯ್ತಲ್ಲ, ಇನ್ನೇನು ಅಂತ ಊರಲ್ಲಿ ಬಹಳ ಜನ ನಂಬಿದ್ದಾರೆ. ಪಹಣಿಯಲ್ಲಿ ಹೆಸರು ಬದಲಾದರೆ ಕೋರ್ಟಿನ ಕಡತದಲ್ಲಿ ಬದಲಾಗೋದಿಲ್ಲ. ಅದು ಬೇರೆ, ಇದು ಬೇರೆ.

ನನಗೆ ಜಾಸ್ತಿ ನೋವಾದದ್ದು ಇನ್ನೊಂದು ವಿಷಯಕ್ಕೆ. ಮೊದಲು ಬರೆದ ಅರ್ಜಿಯಲ್ಲಿ ಅಮ್ಮ ಮತ್ತು ತಮ್ಮನ ಹೆಸರು ಮಾತ್ರ ಇತ್ತು. "ಅಕ್ಕ ಕೊಟ್ಟ ಮನೆಯವಳು, ಕೋರ್ಟಿಗೆ ಅಲೆಯೋದು ಯಾಕೆ" ಅಂದ ತಮ್ಮ. ಪ್ರೀತಿಯಿಂದಲೇ ಅಂದದ್ದು, ನನಗೆ ಗೊತ್ತು. ಆದರೆ ವಿಲ್ ಬರೆಯದೆ ಸತ್ತ ಹಿಂದೂ ಗಂಡಸಿನ ಮೊದಲ ವರ್ಗದ ವಾರಸುದಾರರಲ್ಲಿ ಮಗನಷ್ಟೇ ಮಗಳೂ ಇದ್ದಾಳೆ. ಹೆಂಡತಿ ಇದ್ದಾಳೆ. ಸತ್ತವನ ತಾಯಿಯೂ ಇದ್ದಾಳೆ! ನಮ್ಮಜ್ಜಿ ಇನ್ನೂ ಇದ್ದಾರೆ, ಅವರ ನೆನಪು ನನಗೂ ಬಂದಿರಲಿಲ್ಲ. ಹೆಣ್ಣುಮಕ್ಕಳನ್ನು ಸುಮ್ನೆ ಬಿಟ್ಟು ಅರ್ಜಿ ಹಾಕೋದು ಸಣ್ಣ ತಪ್ಪಲ್ಲ. ನಾಳೆ ಭಾಗದ ಮಾತು ಬಂದಾಗ ಜಗಳ ಅಲ್ಲಿಂದಲೇ ಶುರುವಾಗುತ್ತದೆ.

ತನ್ನ ಕಕ್ಷಿದಾರ ಸತ್ತದ್ದು ಗೊತ್ತಾದರೆ ವಕೀಲರು ಕೋರ್ಟಿಗೆ ತಿಳಿಸಬೇಕು ಅಂತ 1976ರ ತಿದ್ದುಪಡಿಯಿಂದಲೇ ನಿಯಮವಿದೆ. ಆದರೆ ಅವರಿಗೆ ಗೊತ್ತಾಗಬೇಕಲ್ವಾ? ಸಾವಾದ 21 ದಿನದೊಳಗೆ ನೋಂದಣಿಗೆ ತಿಳಿಸಬೇಕು ಅಂತ ಕಾನೂನಿದೆ. ಆ ಪ್ರಮಾಣಪತ್ರ ಕೊಡುವಾಗಲೇ 'ಇವರ ಕೇಸು ಕೋರ್ಟಿನಲ್ಲಿದ್ದರೆ 90 ದಿನದೊಳಗೆ ವಕೀಲರನ್ನು ನೋಡಿ' ಅಂತ ಕನ್ನಡದಲ್ಲಿ ಒಂದು ಸಾಲು ಅಚ್ಚು ಹಾಕಿದರೆ ಸಾಕು. ಎಷ್ಟು ಮನೆಗಳ ಅಲೆದಾಟ ತಪ್ಪುತ್ತದೆ! ಇದನ್ನು ನಾನು ತಾಲೂಕು ಕಚೇರಿಗೆ ಬರೆದು ಕೊಡುವವಳಿದ್ದೇನೆ. ಹಿರಿಯರ ಕೇಸು ಇದೆಯೋ ಇಲ್ಲವೋ ಅನುಮಾನವಿದ್ದರೆ ಈ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು.

ಹೋದ ತಿಂಗಳು ನಮ್ಮ ಮೂರೂ ಅರ್ಜಿ ಮಂಜೂರಾದವು. ಅಪ್ಪನ ಹೆಸರಿನ ಪಕ್ಕ 'ಮೃತ' ಅಂತ ಬರೆದು, ಕೆಳಗೆ 1(ಎ) ಅಜ್ಜಿ, 1(ಬಿ) ಅಮ್ಮ, 1(ಸಿ) ನಾನು, 1(ಡಿ) ತಮ್ಮ. ವಕೀಲರನ್ನು ನೇಮಿಸುವ ವಕಾಲತ್ತಿಗೆ ಅಜ್ಜಿ ಹೆಬ್ಬೆಟ್ಟು ಒತ್ತಿದರು. ಅಪ್ಪನ ಪಾಟೀಸವಾಲು ಆಗಲೇ ಇಲ್ಲವಲ್ಲ, ಈಗ ತಮ್ಮ ಸಾಕ್ಷಿ ಹೇಳಬೇಕು. ಅದಕ್ಕೆ ಮುಂದಿನ ತಿಂಗಳು ವಾಯಿದೆ ಕೊಟ್ಟಿದ್ದಾರೆ.