ಮೂರು ನಿಮಿಷಕ್ಕೆ ಅವರನ್ನು ಕರೆಸಬೇಕಿತ್ತಾ?

ಆ ಚೀಟಿ ಇನ್ನೂ ನನ್ನ ಬ್ಯಾಗಲ್ಲೇ ಇದೆ. ಎಸೆಯೋಕೂ ಆಗುತ್ತಿಲ್ಲ, ನೋಡೋಕೂ ಆಗುತ್ತಿಲ್ಲ. 'ಬೇಗ ಮುಗಿಸಿ.' ಎರಡೇ ಪದ, ಕೆಳಗೆ ಎರಡು ಗೆರೆ ಬೇರೆ. ಅದನ್ನು ವೇದಿಕೆ ಹತ್ತಿ ಸಿಸ್ಟರ್ ಮುಂದೆ, ಮಕ್ಕಳಿಗೆ ಪೋಲಿಯೊ ಹನಿ ಹಾಕುತ್ತಿದ್ದ ನರ್ಸ್ ಮುಂದೆ, ಇಟ್ಟವಳು ನಾನೇ.

ಭಾನುವಾರ ನಮ್ಮ ಸಮಾಜಸೇವಾ ಕ್ಲಬ್ಬಿನ ಕಾರ್ಯಕ್ರಮದಲ್ಲಿ ಹನ್ನೊಂದೂವರೆಗೆ ಅವರ ಮಾತು, ಇಪ್ಪತ್ತು ನಿಮಿಷ. ಅಚ್ಚಾದ ಕಾರ್ಯಕ್ರಮ ಪಟ್ಟಿಯಲ್ಲೇ ಇತ್ತು. ಮೈಕ್ ಅವರ ಕೈಗೆ ಬಂದಾಗ ಒಂದು ಗಂಟೆ ಹತ್ತು ನಿಮಿಷ. ಎಲ್ಲಿಗೆ ಹೋಯಿತು ಅಷ್ಟು ಹೊತ್ತು? ಬಂದ ಬಂದವರೆಲ್ಲ ವೇದಿಕೆ ಮೇಲಿದ್ದ ಹದಿನಾಲ್ಕು ಜನರ ಹೆಸರನ್ನು ಹುದ್ದೆ ಸಮೇತ ಹೇಳಿಯೇ ಮಾತು ಶುರುಮಾಡಿದರು. ಹಾಲಿ ಗವರ್ನರ್ (ರಾಜ್ಯಪಾಲರಲ್ಲ, ಒಂದು ಪ್ರದೇಶದ ಕ್ಲಬ್‌ಗಳ ಮುಖ್ಯಸ್ಥರು), ಮಾಜಿ ಗವರ್ನರ್, ಮುಂದಿನ ವರ್ಷದ ಗವರ್ನರ್. ಒಂದು ಹೆಸರು ಬಿಟ್ಟುಹೋದರೆ ನಿರೂಪಕರು ಓಡಿ ಬಂದು ಕಿವಿಯಲ್ಲಿ ಹೇಳಬೇಕು, ಇವರು ಕ್ಷಮೆ ಕೇಳಬೇಕು. ಪ್ರೋಟೋಕಾಲ್ ಅಂತೆ. ಆಮೇಲೆ ಸನ್ಮಾನ, ಅದಾದ ಮೇಲೆ ಇನ್ನೊಂದು ಸನ್ಮಾನ.

ಒಬ್ಬರು ಸರ್ವಿಸ್ ಕ್ಲಬ್‌ಗಳು ಹುಟ್ಟಿದ ಕಥೆಯನ್ನೇ ನಲವತ್ತು ನಿಮಿಷ ಹೇಳಿದರು. 1905, ಷಿಕಾಗೋ, ಪಾಲ್ ಹ್ಯಾರಿಸ್ ಶುರುಮಾಡಿದ ರೋಟರಿ. ಆಮೇಲೆ 1915ರಲ್ಲಿ ಕಿವಾನಿಸ್, 1917ರಲ್ಲಿ ಲಯನ್ಸ್. ಆ ಕಥೆ ನನಗೆ ತುಂಬ ಇಷ್ಟ, ಅದಕ್ಕೇ ಹೊಟ್ಟೆ ಜಾಸ್ತಿ ಉರಿಯುತ್ತಿದೆ. ರೋಟರಿಯ ಮೊದಲ ದಿನ ಕೂತದ್ದು ನಾಲ್ಕೇ ಜನ. ಒಬ್ಬ ವಕೀಲ, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಇಂಜಿನಿಯರ್, ಒಬ್ಬ ದರ್ಜಿ. ಒಬ್ಬರ ಆಫೀಸ್ ಕೋಣೆಯಲ್ಲಿ ಕೂತು ಮಾತಾಡಿದರು, ಅಷ್ಟೆ. ದರ್ಜಿ ಮಾತಾಡುವಾಗ ಅವನ ಮುಂದೆ ಯಾರಾದರೂ ಚೀಟಿ ಇಟ್ಟಿರುತ್ತಾರಾ?

ಇನ್ನೊಬ್ಬರು ಪೋಲಿಯೊ ಬಗ್ಗೆ ಸ್ಲೈಡ್ ತೋರಿಸಿದರು. 1988ರಲ್ಲಿ 125ಕ್ಕೂ ಹೆಚ್ಚು ದೇಶಗಳಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಮಕ್ಕಳಿಗೆ ಬರುತ್ತಿತ್ತು, ಈಗ ಪಾಕಿಸ್ತಾನ, ಅಫ್ಗಾನಿಸ್ತಾನ ಎರಡರಲ್ಲೇ ಬೇರು ಉಳಿದಿದೆ ಅಂತ. ಜೋರು ಚಪ್ಪಾಳೆ. ಸರಿ, ನಾನೂ ತಟ್ಟಿದೆ. ಆದರೆ ಆ ಹನಿಗಳನ್ನು ಮಕ್ಕಳ ಬಾಯಿಗೆ ಹಾಕಿದ ಕೈ ಅದೇ ವೇದಿಕೆಯ ಕೊನೆ ಕುರ್ಚಿಯಲ್ಲಿತ್ತು ಅಲ್ವಾ? ಬೆಳಗ್ಗೆಯಿಂದ ನೀರೂ ಕೇಳದೆ ಕೂತಿದ್ದರು.

ಸಿಸ್ಟರ್ ಒಂದು ಖಾಲಿ ಲಸಿಕೆ ಬಾಟಲಿ ತಂದಿದ್ದರು. ಅದರ ಮೇಲೆ ಚಿಕ್ಕದೊಂದು ಗುರುತು ಇರುತ್ತದೆ. ಬಣ್ಣದ ಒಂದು ವೃತ್ತ, ಅದರೊಳಗೆ ತಿಳಿಬಣ್ಣದ ಚೌಕ. ಲಸಿಕೆಗೆ ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತ ಬರುತ್ತದೆ. ವೃತ್ತದ ಬಣ್ಣಕ್ಕೆ ಸಮ ಆಯಿತೋ, ಆ ಬಾಟಲಿ ಮಕ್ಕಳಿಗೆ ಹಾಕುವಂತಿಲ್ಲ. ಐಸ್ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಬಿಸಿಲಲ್ಲಿ ನಡೆಯುವಾಗ ಮನಸ್ಸೆಲ್ಲ ಆ ಚೌಕದ ಮೇಲೇ ಇರುತ್ತಿತ್ತು ಅಂತ ನನಗೆ ಹೇಳಿದ್ದರು. ಅದನ್ನೇ ಎಲ್ಲರಿಗೂ ಹೇಳಿ ಅಂತ ಬಲವಂತ ಮಾಡಿ ಕರೆಸಿದೆ.

ಬಾಟಲಿ ಎತ್ತಿ ಹಿಡಿದು 'ಈ ಚೌಕ ಇದೆಯಲ್ಲ' ಅಂದಿದ್ದರು. ಅಷ್ಟರಲ್ಲಿ ಕಾರ್ಯದರ್ಶಿ ನನ್ನ ಕೈಗೆ ಚೀಟಿ ತುರುಕಿದರು. "ನೀವೇ ಕರೆಸಿದ್ದಲ್ವಾ ಮೇಡಂ, ನೀವೇ ಕೊಟ್ಟರೆ ಚೆನ್ನಾಗಿರುತ್ತೆ." ಹಿಂದೆ ಕುರ್ಚಿಗಳ ಸದ್ದು, ಅರ್ಧ ಜನ ಊಟಕ್ಕೆ ಎದ್ದಾಗಿತ್ತು. ನಾಲ್ಕು ಮೆಟ್ಟಿಲು. ಹತ್ತಿದೆ. ಯಾಕೆ ಹತ್ತಿದೆ? ಸಿಸ್ಟರ್ ನನ್ನನ್ನು ನೋಡಿ ನಕ್ಕರು. ಏನೋ ಒಳ್ಳೆ ವಿಷಯ ತಂದಿದ್ದೇನೆ ಅಂದುಕೊಂಡರು. ಮೈಕ್ ಮುಂದೆಯೇ ಕನ್ನಡಕ ಹಾಕಿಕೊಂಡು ಓದಿದರು. ಎರಡು ಪದ ಓದೋಕೆ ಎಷ್ಟು ಹೊತ್ತು ಬೇಕು, ಆದರೂ ಅವರು ಸುಮಾರು ಹೊತ್ತು ಓದಿದರು. ಬಾಟಲಿಯನ್ನು ಕರ್ಚೀಫಿನಲ್ಲಿ ಸುತ್ತಿದರು. "ಎಲ್ಲರಿಗೂ ಹಸಿವಾಗಿದೆ, ನಮಸ್ಕಾರ" ಅಂದು ಹೋಗಿ ಕೂತುಬಿಟ್ಟರು. ನಿರೂಪಕರು 'ಅದ್ಭುತವಾದ ಮಾತುಗಳು' ಅಂದರು. ಯಾವ ಮಾತುಗಳು ಸ್ವಾಮಿ?

ಆಮೇಲೆ ಕ್ಷಮೆ ಕೇಳಿದೆ. "ಪರವಾಗಿಲ್ಲ ಬಿಡಮ್ಮ, ಇದೆಲ್ಲ ಇದ್ದದ್ದೇ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಬಿಡೋಣ ಅಂತಲೂ ಅನ್ನಿಸುತ್ತೆ. ಯಾವ ಕ್ಲಬ್ಬಿಗೆ ಹೋದರೂ ಹೀಗೇ, ನನ್ನೊಬ್ಬಳಿಂದ ಏನು ಬದಲಾಗುತ್ತೆ. ರಾತ್ರಿ ರಾಜೀನಾಮೆ ಬರೆದು ಅಳಿಸಿದೆ. ಮುಂದಿನ ತಿಂಗಳು ಕಣ್ಣಿನ ಶಿಬಿರ ಇದೆ, ಪಟ್ಟಿ ನನ್ನ ಹತ್ತಿರವೇ ಇದೆ, ಬಿಟ್ಟು ಹೋಗೋಕೆ ಮನಸ್ಸಿಲ್ಲ. ಆದರೆ ಸುಮ್ನೆ ಇರೋಕೂ ಆಗಲ್ಲ. ಸಮಯ ಮೀರಿದಾಗ ಗವರ್ನರ್‌ಗಳ ಮುಂದೆ ಯಾಕೆ ಒಂದೂ ಚೀಟಿ ಹೋಗಲಿಲ್ಲ? ಕಾರ್ಯದರ್ಶಿಗಳೇ, ಅಧ್ಯಕ್ಷರೇ, ಯಾರಾದರೂ ಹೇಳಿ. ನಾನು ಮಾಡಿದ್ದು ತಪ್ಪು, ಒಪ್ಪಿಕೊಂಡೆ. ನಿಮ್ಮದು?

ಬೆಳಗ್ಗೆ ಗ್ರೂಪಿನಲ್ಲಿ ಫೋಟೊ ಬಂದಿದೆ. ಕೆಳಗೆ ಹದಿನಾಲ್ಕು ಹೆಸರು, ಹುದ್ದೆ ಸಮೇತ. ಬಲಗಡೆ ತುದಿಯಲ್ಲಿ ಸಿಸ್ಟರ್ ಅರ್ಧ ಮುಖ. 'ಅವರ ಹೆಸರೂ ಹಾಕಿ' ಅಂತ ಬರೆದು ನಾಲ್ಕು ಗಂಟೆ ಆಯಿತು. ಮೂವತ್ತೆಂಟು ಜನ ನೋಡಿದ್ದಾರೆ. ಒಬ್ಬರು ಹೆಬ್ಬೆರಳು ಒತ್ತಿದ್ದಾರೆ. ಹೆಸರು ಇನ್ನೂ ಬಂದಿಲ್ಲ.