ಚೆಕ್ಕುಬಂದಿ ಇದೆ, ಗೀರಿನ ಅಳತೆ ಇಲ್ಲ

ಬೀರು ಕ್ಲೀನ್ ಮಾಡುವಾಗ ಭಾವನ ಆಕ್ಸಿಡೆಂಟ್ ಕೇಸಿನ ಮಹಜರಿನ, ಅಂದರೆ ಪೊಲೀಸರು ಜಾಗ ನೋಡಿ ಬರೆದ ವರದಿಯ ಜೆರಾಕ್ಸ್ ಮತ್ತೆ ಕೈಗೆ ಸಿಕ್ಕಿತು. ಒಂದೂವರೆ ಪುಟ. ಪೂರ್ವಕ್ಕೆ ಇಂಥವರ ಶುಂಠಿ ಹೊಲ, ಪಶ್ಚಿಮಕ್ಕೆ ಸಿಲ್ವರ್ ಮರದ ಬೇಲಿ, ಉತ್ತರಕ್ಕೆ ಬೇಲೂರಿಗೆ ಹೋಗುವ ರಸ್ತೆ, ದಕ್ಷಿಣಕ್ಕೆ ಹಾಸನದಿಂದ ಬರುವ ರಸ್ತೆ. ಜಮೀನಿನ ಕ್ರಯಪತ್ರದ ಹಾಗೆ ಚೆಕ್ಕುಬಂದಿ ಪಕ್ಕಾ ಇದೆ. ಆದರೆ ಬೈಕ್ ಬಿದ್ದು ಉಜ್ಜಿಕೊಂಡು ಹೋದ ಗೀರು ಎಲ್ಲಿ ಶುರುವಾಯಿತು, ಎಷ್ಟುದ್ದ ಇತ್ತು, ರಸ್ತೆ ಅಂಚಿನಿಂದ ಎಷ್ಟು ದೂರ? ಒಂದಕ್ಷರ ಇಲ್ಲ.

ಗೀರು ಇತ್ತು. ನಾನೇ ನೋಡಿದ್ದೆ. ಇಂಥ ಗುರುತು ಓದಿ ಹೇಳುವ ಎಕ್ಸ್‌ಪರ್ಟ್ ನಮ್ಮ ಆಕ್ಸಿಡೆಂಟ್ ಕೇಸುಗಳಿಗೂ ಬೇಕು ಅಂತ ಹೇಳಲು ಈ ಕತೆ.

ನನ್ನ ಪರಿಚಯ ಇಲ್ಲದವರಿಗೆ ಹೇಳಿಬಿಡುತ್ತೇನೆ. ಹಾಸನದಲ್ಲಿ 22 ವರ್ಷದಿಂದ ಗ್ಯಾರೇಜ್ ಇಟ್ಟಿದ್ದೇನೆ. ಲಾಯರ್ ಅಲ್ಲ, ಎಂಜಿನಿಯರೂ ಅಲ್ಲ. ಆದರೆ ಆಕ್ಸಿಡೆಂಟ್ ಆದ ಗಾಡಿಗಳನ್ನು ನೋಡಿ ನೋಡಿ ಒಂದು ವಿಷಯ ಗೊತ್ತಾಗಿದೆ. ಗಾಡಿ ಸುಳ್ಳು ಹೇಳಲ್ಲ. ಡ್ರೈವರ್ ಹೇಳಬಹುದು, ನೋಡಿದವರು ಹೇಳಬಹುದು, ನಮ್ಮ ಕಡೆಯವರೂ ಹೇಳಬಹುದು.

2019ರ ಜುಲೈ. ಸಂಜೆ ಏಳು ಗಂಟೆ, ಜಿಟಿಜಿಟಿ ಮಳೆ. ಭಾವ ತನ್ನ ಹಳೇ ಬೈಕಿನಲ್ಲಿ ಬೇಲೂರಿನ ಕಡೆ ಹೋಗುತ್ತಿದ್ದರು. ತಿರುವಿನಲ್ಲಿ ಎದುರಿಂದ ಗೊಬ್ಬರದ ಮೂಟೆ ತುಂಬಿದ ಪಿಕಪ್ ಬಂದು ಹೊಡೆಯಿತು. ತೊಡೆ ಮೂಳೆ ಎರಡು ಕಡೆ ಮುರಿದು, ಒಳಗೆ ರಾಡ್ ಹಾಕಬೇಕಾಯಿತು. ಇವತ್ತಿಗೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಆಗಲ್ಲ. ಮದುವೆಮನೆಯಲ್ಲಿ ಪಂಕ್ತಿಗೆ ಕೂರದೆ ಬಫೆ ಕಡೆ ಹೋಗುತ್ತಾರೆ. ಕೇಳಿದವರಿಗೆ "ಅಲ್ಲಿ ಬಿಸಿಬಿಸಿ ಸಿಗುತ್ತೆ ಕಣಪ್ಪಾ" ಅನ್ನುತ್ತಾರೆ.

ಆ ರಾತ್ರಿಯೆಲ್ಲ ಆಸ್ಪತ್ರೆಯಲ್ಲಿದ್ದೆ. ಬೆಳಗ್ಗೆ ಆರಕ್ಕೆ ಜಾಗಕ್ಕೆ ಹೋದೆ. ಮಣ್ಣು, ಎಣ್ಣೆ, ಗಾಜಿನ ಚೂರು ಎಲ್ಲ ಮಳೆಗೆ ಕೊಚ್ಚಿಹೋಗಿತ್ತು. ಗಾಡಿಗಳನ್ನು ಪಕ್ಕಕ್ಕೆ ಸರಿಸಿದ್ದರು. ಆದರೆ ಡಾಂಬರಿನ ಮೇಲೆ ಫುಟ್‌ರೆಸ್ಟ್ ಕೆರೆದ ಗೀರು ಎಲ್ಲಿಗೆ ಹೋಗುತ್ತೆ? ಭಾವನ ಎಡಗಡೆ ಅಂಚಿನಿಂದ ಸುಮಾರು ಎರಡು ಹೆಜ್ಜೆ ದೂರದಲ್ಲಿ ಶುರುವಾಗಿ, ಓರೆಯಾಗಿ ರಸ್ತೆ ಮಧ್ಯಕ್ಕೆ ಹೋಗಿತ್ತು. ಅಂದರೆ ಬೈಕ್ ನೆಲಕ್ಕೆ ಬಿದ್ದಿದ್ದು ತನ್ನ ಸೈಡಿನಲ್ಲೇ. ಆಮೇಲೆ ಜಾರಿದ್ದು ಮಧ್ಯಕ್ಕೆ. ಹೆಜ್ಜೆ ಹಾಕಿ ಅಳೆದೆ, ತಲೆಯಲ್ಲಿ ಇಟ್ಟುಕೊಂಡೆ, ವಾಪಸ್ ಬಂದೆ. ಜೇಬಿನಲ್ಲಿ ಫೋನ್ ಇತ್ತು. ಫೋಟೋ ತೆಗೆಯಬೇಕು ಅಂತ ಹೊಳೆಯಲೇ ಇಲ್ಲ. ಈಗ ನೆನೆಸಿಕೊಂಡರೆ ಕೈ ಕಚ್ಚಿಕೊಳ್ಳುವ ಹಾಗಾಗುತ್ತೆ.

ಮಹಜರು ಹನ್ನೊಂದು ಗಂಟೆಗೆ ಆಯಿತು. ಜೊತೆಗೆ ಒಂದು ನಕ್ಷೆ. ಎರಡು ಗೆರೆ, ಮಧ್ಯದಲ್ಲಿ ಒಂದು ಇಂಟು ಮಾರ್ಕು. ಇಂಟು ಮಾರ್ಕು ರಸ್ತೆಯ ನಟ್ಟನಡುವೆ. ಯಾಕೆ ಅಲ್ಲಿ? ಬೈಕ್ ಅಲ್ಲಿ ಬಿದ್ದಿತ್ತು ಅಂತ ಯಾರೋ ಹೇಳಿದರು, ಅಷ್ಟೇ. ಎರಡು ತಿಂಗಳ ನಂತರ ಆ ರಸ್ತೆಗೆ ಹೊಸ ಡಾಂಬರೂ ಬಿತ್ತು.

ಈಗ ಎಕ್ಸ್‌ಪರ್ಟ್ ವಿಷಯಕ್ಕೆ ಬರುತ್ತೇನೆ. ಹೊರದೇಶಗಳಲ್ಲಿ ಇದಕ್ಕೇ ಬೇರೆ ಜನ ಇದ್ದಾರೆ. ಅಪಘಾತ ಹೇಗಾಯಿತು ಅಂತ ಗುರುತುಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ಹೇಳುವವರು. ಟೈರಿನ ಗುರುತು, ತಗಡು ಎಷ್ಟು ಒಳಗೆ ಹೋಗಿದೆ, ಯಾರ ಪೇಂಟ್ ಯಾರಿಗೆ ಹತ್ತಿದೆ, ಗಾಡಿ ಎಷ್ಟು ದೂರ ಹೋಗಿ ನಿಂತಿದೆ, ಇವೆಲ್ಲ ಅವರ ಸಾಕ್ಷಿ. ಕೇಳೋಕೆ ಸಿನಿಮಾ ತರ ಇದೆ. ಒಳಗಿರುವುದು ಪಿಯುಸಿ ಫಿಸಿಕ್ಸ್. ಸಮತಟ್ಟು ರಸ್ತೆಯಲ್ಲಿ ಚಕ್ರ ಲಾಕ್ ಆಗಿ 20 ಮೀಟರ್ ಎಳೆದುಕೊಂಡು ಹೋಗಿ ಗಾಡಿ ನಿಂತಿದೆ ಅಂದುಕೊಳ್ಳಿ. ಒಣ ಡಾಂಬರಿನ ಹಿಡಿತ 0.7 ಅಂತ ಹಿಡಿದರೆ ವೇಗ ಗಂಟೆಗೆ ಹತ್ತಿರಹತ್ತಿರ 60 ಕಿಲೋಮೀಟರ್. ಮಳೆ ಬಂದು ಹಿಡಿತ 0.4ಕ್ಕೆ ಇಳಿದಿದ್ದರೆ ಅದೇ 20 ಮೀಟರಿಗೆ ವೇಗ 45 ಮಾತ್ರ. ಗುರುತು ಒಂದೇ. ಒಂದು ಲೆಕ್ಕದಲ್ಲಿ ಡ್ರೈವರ್ ಅವಸರದವನು, ಇನ್ನೊಂದರಲ್ಲಿ ಪಾಪದವನು. ನಮ್ಮ ಮಲೆನಾಡಿನಲ್ಲಿ ರಸ್ತೆ ಒದ್ದೆ ಇತ್ತಾ, ಇಳಿಜಾರಾ ಅಂತ ಬರೆದುಕೊಳ್ಳದೆ ವೇಗ ಹೇಳುವವನನ್ನು ನಾನಂತೂ ನಂಬಲ್ಲ. ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ಎಬಿಎಸ್ ಇರುವ ಗಾಡಿಗಳಲ್ಲಿ ಗುರುತೂ ಸರಿಯಾಗಿ ಬೀಳಲ್ಲ.

ಆಕ್ಸಿಡೆಂಟ್ ಪರಿಹಾರ ತೀರ್ಮಾನಿಸುವ ಟ್ರಿಬ್ಯೂನಲ್‌ನಲ್ಲಿ ಪಿಕಪ್ ಕಡೆಯ ವಿಮೆ ಕಂಪನಿಯ ವಾದ ಎರಡೇ ಇದ್ದವು. ಬೈಕಿಗೆ ಹೆಡ್‌ಲೈಟ್ ಉರಿಯುತ್ತಿರಲಿಲ್ಲ. ಬೈಕ್ ರಸ್ತೆ ಮಧ್ಯಕ್ಕೆ ಬಂದಿತ್ತು. ಭಾವನ ಪಾಟಿ ಸವಾಲು ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆ. ಎದುರು ಲಾಯರ್ ಹೇಳಿದ್ದು, ಭಾವ ಅಲ್ಲ ಅಂದಿದ್ದು ಎರಡೂ ಒಂದೇ ಸಾಲಾಗಿ ದಾಖಲಾಗುತ್ತಿತ್ತು. "ಹೆಡ್‌ಲೈಟ್ ಇಲ್ಲದೆ ಬರುತ್ತಿದ್ದಿರಿ ಎಂದರೆ ಸರಿಯಲ್ಲ. ರಸ್ತೆಯ ಮಧ್ಯದಲ್ಲಿ ಬಂದಿರಿ ಎಂದರೆ ಸರಿಯಲ್ಲ." ಟೈಪಿಸ್ಟ್ ಹೊಡೆಯುತ್ತಲೇ ಇದ್ದರು. ಸರಿಯಲ್ಲ, ಸರಿಯಲ್ಲ, ಸರಿಯಲ್ಲ. ಒಬ್ಬ ಮನುಷ್ಯನ ಹತ್ತಿರ ಇಷ್ಟು ಬಿಟ್ಟು ಬೇರೇನೂ ಇಲ್ಲ ಅನ್ನುವುದು ಆವತ್ತು ಅರ್ಥವಾಯಿತು.

ನಮ್ಮ ಹತ್ತಿರ ಒಂದು ವಸ್ತು ಇತ್ತು. ಅದರ ಕತೆ ಹೇಳಲೇಬೇಕು.

ಸ್ಟೇಷನ್ನಿಂದ ಬೈಕ್ ಬಿಡಿಸಿಕೊಂಡು ಬಂದ ದಿನ ಹೆಡ್‌ಲೈಟ್ ಬಿಚ್ಚಿದೆ. 2012ರ ಮಾಡೆಲ್. ಈಗಿನ ಬೈಕುಗಳ ಹಾಗೆ ಸ್ಟಾರ್ಟ್ ಮಾಡಿದ ಕೂಡಲೇ ಲೈಟ್ ತಾನೇ ಉರಿಯುವ ನಿಯಮ ಬಂದಿದ್ದು 2017ರಲ್ಲಿ, ಹಾಗಾಗಿ ಇದರಲ್ಲಿ ಸ್ವಿಚ್ ಇತ್ತು. ಹಳೇ ಕಾಲದ ತಂತಿ ಬಲ್ಬು. ಗಾಜು ಒಡೆದಿತ್ತು. ಒಳಗಿನ ತಂತಿ ತುಂಡಾಗಿರಲಿಲ್ಲ. ಎಳೆದ ಸ್ಪ್ರಿಂಗ್ ಹಾಗೆ ಉದ್ದಕ್ಕೆ ಜಗ್ಗಿಕೊಂಡಿತ್ತು, ಕಪ್ಪಾಗಿತ್ತು. ಸುತ್ತ ಮಾಸಲು ಹಳದಿ ಪುಡಿ. ಉರಿಯುತ್ತಿರುವ ಬಲ್ಬಿನ ತಂತಿ ಕಾದು ಮೆತ್ತಗಿರುತ್ತೆ, ಪೆಟ್ಟು ಬಿದ್ದರೆ ಜಗ್ಗುತ್ತೆ. ಆರಿದ ಬಲ್ಬಿನ ತಂತಿ ತಣ್ಣಗೆ ಪೆಡಸಾಗಿರುತ್ತೆ, ಮುರಿದರೆ ಪಟಕ್ ಅಂತ ಮುರಿಯುತ್ತೆ. ಉರಿಯುವಾಗಲೇ ಗಾಜು ಒಡೆದರೆ ಗಾಳಿ ತಾಗಿ ತಂತಿ ಸುಟ್ಟು ಆ ಪುಡಿ ಏಳುತ್ತೆ. ಇದು ನನ್ನ ಕಂಡುಹಿಡಿತ ಅಲ್ಲ, ಅಪಘಾತ ತನಿಖೆ ಮಾಡುವವರಿಗೆ ಬಹಳ ಹಳೇ ಪಾಠ. ಎಲ್‌ಇಡಿ ಬಂದ ಮೇಲೆ ಈ ಪಾಠವೂ ಮೂಲೆ ಸೇರುತ್ತಿದೆ.

ಕುಣಿದಾಡಿಕೊಂಡು ಬಲ್ಬನ್ನು ನಮ್ಮ ಲಾಯರ್ ಹತ್ತಿರ ಒಯ್ದೆ. ಅವರು ಕನ್ನಡಕ ಏರಿಸಿ ನೋಡಿ, "ಯಾರು ಬಿಚ್ಚಿದ್ದು?" ಅಂದರು.

"ನಾನೇ ಸಾರ್."

"ನೀವು ಇವರಿಗೆ ಏನಾಗಬೇಕು?"

"ಬಾಮೈದ."

"ಇದನ್ನ ಇಟ್ಕೊಳ್ಳಿ, ಮನೆಗೆ ತಗೊಂಡು ಹೋಗಿ."

ಅವರು ಹೇಳಿದ್ದು ಸರಿಯೇ. ನನಗೆ ಗೊತ್ತಿದ್ದಿದ್ದು ಬಲ್ಬು ಓದುವುದು. ಬಲ್ಬನ್ನು ಬಿಚ್ಚುವ ಮೊದಲು ಫೋಟೋ ಹಿಡಿದು, ಸಾಕ್ಷಿ ಇಟ್ಟು, ಸೀಲ್ ಮಾಡಿ, ಕಟಕಟೆಯಲ್ಲಿ ನಿಂತು ಎದುರು ಲಾಯರ್ ಕೆಣಕಿದರೂ ಹೇಳಿದ್ದನ್ನೇ ಹೇಳಲು ಯಾರಿಗೂ ಏನೂ ಆಗಬೇಕಿಲ್ಲದ ಒಬ್ಬ ಬೇಕಿತ್ತು. ಎಕ್ಸ್‌ಪರ್ಟ್ ಅಂದರೆ ಜಾಸ್ತಿ ಗೊತ್ತಿರುವವನು ಅಂತ ಮಾತ್ರ ಅಂದುಕೊಂಡಿದ್ದೆ. ಅದು ಅರ್ಧ.

ಸರ್ಕಾರದ ಕಡೆಯಿಂದ ಗಾಡಿ ನೋಡಿದವರು ಯಾರೂ ಇರಲಿಲ್ಲ ಅಂತಲ್ಲ. ಮೋಟಾರು ವಾಹನ ನಿರೀಕ್ಷಕರ ರಿಪೋರ್ಟ್ ಇತ್ತು. "ಮುಂಭಾಗ ಜಖಂ. ಅಪಘಾತವು ಯಾಂತ್ರಿಕ ದೋಷದಿಂದ ಉಂಟಾಗಿರುವುದಿಲ್ಲ." ನೀವು ಯಾವ ಆಕ್ಸಿಡೆಂಟ್ ಪರಿಹಾರದ ಕೇಸಿನ ಫೈಲ್ ತೆಗೆದರೂ ಇದೇ ಸಾಲು ಸಿಗುತ್ತೆ. ಬ್ರೇಕ್ ಫೇಲ್ ಆಗಿರಲಿಲ್ಲ ಅಂತ ಗೊತ್ತಾಯಿತು, ಸರಿ. ಏನಾಗಿತ್ತು?

ಟ್ರಿಬ್ಯೂನಲ್ ಒಟ್ಟು 8 ಲಕ್ಷ ಅಂತ ಲೆಕ್ಕ ಹಾಕಿ, ಭಾವನದ್ದೂ ನೂರಕ್ಕೆ 30 ಭಾಗ ತಪ್ಪು ಇದೆ ಅಂತ 2,40,000 ಕಳೆಯಿತು. ಆಧಾರ? ಆ ಇಂಟು ಮಾರ್ಕು. ನ್ಯಾಯಾಧೀಶರನ್ನು ನಾನು ಬೈಯಲ್ಲ. ಅವರ ಮುಂದೆ ಇದ್ದಿದ್ದು ಅದೊಂದೇ. ಕ್ರಿಮಿನಲ್ ಕೇಸಿನ ಹಾಗೆ ಇಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ, ಯಾವುದು ಹೆಚ್ಚು ನಂಬುವ ಹಾಗಿದೆ ಅಂತ ನೋಡುತ್ತಾರೆ. ನಂಬುವ ಹಾಗೆ ಕಾಣಿಸಿದ್ದು ನಕ್ಷೆ.

ಹೈಕೋರ್ಟಿಗೆ ಅಪೀಲು ಹಾಕಿದ್ದೇವೆ. ಅಲ್ಲಿಯ ಲಾಯರ್ 2013ರ ಒಂದು ತೀರ್ಪು ತೋರಿಸಿದರು, ಜಿಜು ಕುರುವಿಲಾ ಕೇಸು. ಮಹಜರಿನಲ್ಲಿ ಗಾಡಿಗಳು ಎಲ್ಲಿದ್ದವು ಅನ್ನುವುದೊಂದರಿಂದಲೇ ಯಾರದು ಎಷ್ಟು ತಪ್ಪು ಅಂತ ಹೇಳಲಾಗದು ಅಂತ ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ. ಎದುರುಬದುರು ಡಿಕ್ಕಿಯಾದಾಗ ಗಾಡಿ ಎಲ್ಲಿ ಹೋಗಿ ನಿಲ್ಲುತ್ತೆ ಅನ್ನುವುದು ವೇಗ, ಪೆಟ್ಟಿನ ಜೋರು, ಎಲ್ಲಿ ತಾಗಿತು ಇವುಗಳ ಮೇಲೆ ನಿಂತಿದೆ ಅಂತಲೂ ಹೇಳಿದೆ. ಓದಿ ನಗು ಬಂತು. ಈ ಪಟ್ಟಿಯನ್ನೇ ಅಲ್ವಾ ಆ ಎಕ್ಸ್‌ಪರ್ಟ್ ಲೆಕ್ಕ ಹಾಕುವುದು!

ನನ್ನ ಅಭಿಪ್ರಾಯ ಇಷ್ಟು. ಅಮೆರಿಕದ ಪದ್ಧತಿ ನಮಗೆ ಬೇಡ. ಅಲ್ಲಿ ಎರಡೂ ಕಡೆಯವರು ತಲಾ ಒಬ್ಬ ಎಕ್ಸ್‌ಪರ್ಟನ್ನು ದುಡ್ಡು ಕೊಟ್ಟು ಕರೆಸುತ್ತಾರೆ. ಇಲ್ಲೂ ಹಾಗೇ ಮಾಡಿದರೆ ವಿಮೆ ಕಂಪನಿಗೆ ಎಕ್ಸ್‌ಪರ್ಟ್ ಸಿಗುತ್ತಾನೆ, ರಾಡ್ ಹಾಕಿಸಿಕೊಂಡು ಮಲಗಿದ ಕೂಲಿಯವನಿಗೆ ಮತ್ತೆ "ಸರಿಯಲ್ಲ" ಅಷ್ಟೇ ಉಳಿಯುತ್ತೆ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲೇ ದಾರಿ ಇದೆ. 169ನೇ ಸೆಕ್ಷನ್ನಿನ ಮೂರನೇ ಉಪಕಲಂ ಪ್ರಕಾರ, ವಿಷಯ ಬಲ್ಲವರನ್ನು ಟ್ರಿಬ್ಯೂನಲ್ಲೇ ಆರಿಸಿ ಸಹಾಯಕ್ಕೆ ಕರೆಯಬಹುದು. ಕರೆಯಲಿ. ಹಾಸನದಲ್ಲಿ 1960ರಿಂದ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜಿದೆ, ಚಿಕ್ಕಮಗಳೂರಿನಲ್ಲಿ ಎಐಟಿ ಇದೆ. ಮೆಕ್ಯಾನಿಕಲ್ ಮೇಷ್ಟ್ರುಗಳಿಗೇನು ಬರವಿಲ್ಲ. ರಿಟೈರ್ ಆದ ನಿರೀಕ್ಷಕರೂ ಇದ್ದಾರೆ.

"ಹಾಗಾದರೆ ಕೇಸು ಇನ್ನೂ ಎಳೆಯಲ್ವಾ?" ಅಂತ ಗೆಳೆಯ ಕೇಳಿದ. ಎಲ್ಲ ಕೇಸಿಗೂ ಯಾರು ಬೇಕು ಅಂದರು? ನಿಂತ ಗಾಡಿಗೆ ಹಿಂದಿನಿಂದ ಹೊಡೆದರೆ ಎಕ್ಸ್‌ಪರ್ಟ್ ಯಾಕೆ? ಎರಡೂ ಕಡೆಯವರು ನಿನ್ನದು ತಪ್ಪು ಅನ್ನುವಾಗ, ಕಾಲೋ ಪ್ರಾಣವೋ ಹೋಗಿರುವಾಗ ಸಾಕು.

ಆದರೆ ಅಷ್ಟು ದೊಡ್ಡವರು ಬಂದರೂ ಅವರ ಮುಂದೆ ಇಡಲು ಏನಿದೆ? ಎರಡು ಗೆರೆ, ಒಂದು ಇಂಟು ಮಾರ್ಕು ಇಟ್ಟರೆ ಅವರೂ ಕೈ ಚೆಲ್ಲುತ್ತಾರೆ. 2022ರ ಏಪ್ರಿಲ್‌ನಿಂದ ಹೊಸ ನಿಯಮ ಇದೆ. ತನಿಖಾಧಿಕಾರಿ ಎಲ್ಲ ಕೋನದಿಂದ ಫೋಟೋ ತೆಗೆಯಬೇಕು, ರಸ್ತೆ ಅಗಲ ಸಮೇತ ಅಳತೆಗೆ ಸರಿಯಾದ ನಕ್ಷೆ ಬರೆಯಬೇಕು, 48 ಗಂಟೆಯಲ್ಲಿ ಮೊದಲ ವರದಿ, 90 ದಿನದಲ್ಲಿ ಪೂರ್ತಿ ವರದಿ ಟ್ರಿಬ್ಯೂನಲ್‌ಗೆ ಹೋಗಬೇಕು. ಭಾವನ ಕೇಸಿಗೆ ಮೂರು ವರ್ಷ ತಡವಾಗಿ ಬಂತು. ನಿಮ್ಮ ಮನೆಯವರಿಗೆ ಏನಾದರೂ ಆದರೆ ಆ ನಕ್ಷೆಯ ಪ್ರತಿ ಕೇಳಿ, ಅಳತೆ ಇದೆಯಾ ನೋಡಿ. ಕ್ಲೇಮ್ ಅರ್ಜಿಗೂ ಈಗ ಆರು ತಿಂಗಳ ಗಡುವಿದೆ, ಮರೆಯಬೇಡಿ.

ನನ್ನ ಪಾಲಿನ ತಪ್ಪೂ ಹೇಳಿಕೊಳ್ಳಬೇಕು. ಏರ್‌ಬ್ಯಾಗ್ ಬಿಚ್ಚಿಕೊಂಡ ಕಾರು ಬಂದರೆ ನಾವು ಅದರ ಕಂಟ್ರೋಲ್ ಮಾಡ್ಯೂಲ್ ಬದಲಾಯಿಸಿ ಹಳೆಯದನ್ನು ಗುಜರಿಗೆ ಎಸೆಯುತ್ತೇವೆ. ಈಗಿನ ಹಲವು ಕಾರುಗಳಲ್ಲಿ ಡಿಕ್ಕಿಗೆ ಮುಂಚಿನ ಕೆಲವು ಸೆಕೆಂಡಿನ ವೇಗ, ಬ್ರೇಕ್ ತುಳಿದಿದ್ದರಾ ಇಲ್ಲವಾ, ಬೆಲ್ಟ್ ಹಾಕಿದ್ದರಾ ಎಲ್ಲ ಅದರೊಳಗೇ ಇರುತ್ತೆ. ಎಷ್ಟು ಕೇಸುಗಳ ಸಾಕ್ಷಿಯನ್ನು ನಾನೇ ಕೆಜಿ ಲೆಕ್ಕದಲ್ಲಿ ಮಾರಿದ್ದೇನೋ. ಈಗ ಚೀಟಿ ಅಂಟಿಸಿ ಓನರ್ ಕೈಗೇ ಕೊಡುತ್ತೇನೆ. ಕೆಲವರು ಬೇಡ ಅಂತ ಬಿಟ್ಟು ಹೋಗುತ್ತಾರೆ, ಅವು ರ‍್ಯಾಕಿನಲ್ಲಿ ಭಾವನ ಬಲ್ಬಿನ ಬಾಟಲಿ ಪಕ್ಕದಲ್ಲಿವೆ.

ನಮ್ಮ ಎಳೆಯುವ ಗಾಡಿಯಲ್ಲಿ ಒಂದು 30 ಮೀಟರ್ ಟೇಪು, ಸೀಮೆಸುಣ್ಣ ಇಟ್ಟಿದ್ದೇನೆ. ಹೋದ ತಿಂಗಳು ಆಲೂರಿನ ಆಚೆ ಒಂದು ಕಾರು ಎಳೆಯಲು ರಾತ್ರಿ ಕರೆ ಬಂತು. ಕೊಂಡಿ ಹಾಕುವ ಮೊದಲು ನಾಲ್ಕೂ ಚಕ್ರದ ಪಕ್ಕ ಸೀಮೆಸುಣ್ಣದ ಗೆರೆ ಎಳೆದು, ಟಾರ್ಚ್ ಬಿಟ್ಟು ಬ್ರೇಕಿನ ಗುರುತಿನ ಮೇಲೆ ಟೇಪು ಹಾಸುತ್ತಿದ್ದೆ. ಡ್ಯೂಟಿಯಲ್ಲಿದ್ದ ಹೆಡ್ ಕಾನ್‌ಸ್ಟೇಬಲ್, "ಏನ್ರೀ ಅದು, ಸೈಟ್ ಅಳೀತಿದ್ದೀರಾ? ಬೇಗ ಎಳೀರಿ, ಟ್ರಾಫಿಕ್ ಜಾಮ್ ಆಗ್ತಿದೆ" ಅಂದರು. ಎರಡು ನಿಮಿಷ ಸಾರ್ ಅಂದೆ. ಗಾಳಿಗೆ ಟೇಪು ಹಾರುತ್ತಿತ್ತು. ಸುಮ್ನೆ ನೋಡುತ್ತ ನಿಂತಿದ್ದವರು ಆಮೇಲೆ ಬಂದು ಇನ್ನೊಂದು ತುದಿಯನ್ನು ಬೂಟಿನಲ್ಲಿ ಒತ್ತಿ ಹಿಡಿದರು.

"ಎಷ್ಟು ಬಂತು?"

"ಹನ್ನೊಂದು ಮೀಟರ್ ನಲವತ್ತು ಸೆಂಟಿಮೀಟರ್ ಸಾರ್."

ಜೇಬಿನಿಂದ ಪೆನ್ ತೆಗೆದು ಅಂಗೈ ಮೇಲೆ ಬರೆದುಕೊಂಡರು.